ತೊಟ್ಟಿಯ ಸಮುದ್ರಕ್ಕೆ ನನ್ನ ಕೈಗುಣ

ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆ ಕಂಡುಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಮೇಚೇರಿಯ ಸುತ್ತ ಹತ್ತು ಹಳ್ಳಿಗಳಲ್ಲಿ ಯಾರೂ ಇರಲಿಲ್ಲ. ಇದು ನನ್ನ ಮಾತಲ್ಲ, ಜನರ ಮಾತು. ಜನ ಹೇಳಲು ಮರೆತಾಗ ಮಾತ್ರ ನಾನು ಹೇಳುತ್ತಿದ್ದೆ.

ನಾನು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಹೆಸರಿಗೆ ದನದ ಆಸ್ಪತ್ರೆ, ಬಾಗಿಲಿಗೆ ಬರುತ್ತಿದ್ದುದೆಲ್ಲ ಕುರಿ. ಕುರಿ ಕೆಮ್ಮಿದರೆ ಒಳಗೆ ಯಾವ ಹುಳು ಇದೆ ಎಂದು ಹೇಳುತ್ತಿದ್ದೆ. ಕುಂಟಿದರೆ ಯಾವ ಕಾಲು ಎಂದು ಹೇಳುತ್ತಿದ್ದೆ. ಎರಡನೆಯದನ್ನು ಯಾರು ಬೇಕಾದರೂ ಹೇಳಬಹುದು ಎಂಬುದು ನನ್ನ ಹೆಂಡತಿ ಚಿನ್ನಮ್ಮನ ಅಭಿಪ್ರಾಯ. ಆದರೆ ನಮ್ಮ ಕಡೆ ಓದಿಗಿಂತ, ಔಷಧಿಗಿಂತ ಕೈಗುಣ ದೊಡ್ಡದು. ಅದೇ ಔಷಧಿಯನ್ನು ಅದೇ ಬಾಟಲಿಯಿಂದ ಡಾಕ್ಟರೇ ಕುಡಿಸಲು ಬಂದರೂ ಜನ ಒಪ್ಪುತ್ತಿರಲಿಲ್ಲ. "ನೀವು ಸುಮ್ಕಿರಿ ಸಾರ್. ಕಾಂಪೌಂಡರಣ್ಣ ಕುಡಿಸ್ಲಿ. ಅವ್ರದು ಒಳ್ಳೇ ಕೈ" ಎನ್ನುತ್ತಿದ್ದರು. ಕುರಿ ಬದುಕಿದರೆ ನನ್ನ ಕೈಗುಣ, ಸತ್ತರೆ ಡಾಕ್ಟರ ಓದು! ಇಪ್ಪತ್ತು ವರ್ಷ ಇದನ್ನೇ ಕೇಳಿ ಕೇಳಿ ನನಗೂ ನಂಬಿಕೆ ಬಂದುಬಿಟ್ಟಿತ್ತು. ಬಲಗೈಯಲ್ಲಿ ತರಕಾರಿ ಚೀಲ ಹಿಡಿಯುವುದನ್ನೇ ಬಿಟ್ಟಿದ್ದೆ.

ಈ ಒಳ್ಳೆಯ ಕೈಯನ್ನು ಹಿಡಿದು ಬಂದ ಚಿನ್ನಮ್ಮನಿಗೆ ನಾನು ಒಂದೇ ಒಂದು ಮಾತು ಕೊಟ್ಟಿದ್ದೆ. ಅವಳ ತವರು ನಲ್ಲಂಪಳ್ಳಿಯ ಹತ್ತಿರ. ಮದುವೆಯಾಗಿ ಬಸ್ಸಿನಲ್ಲಿ ಬರುವಾಗ ತೊಪ್ಪೂರಿನ ಘಾಟಿ ಇಳಿದರೂ ಅವಳ ಅಳು ನಿಂತಿರಲಿಲ್ಲ. ಬಸ್ಸಿನವರೆಲ್ಲ ನಾನೇ ಹೊಡೆದಿದ್ದೇನೆ ಎಂಬಂತೆ ನೋಡುತ್ತಿದ್ದರು. "ಅಳಬ್ಯಾಡ, ಮುಂದಿನ ವರ್ಷ ಮದರಾಸಿಗೆ ಕರ್ಕೊಂಡೋಗಿ ಸಮುದ್ರ ತೋರಿಸ್ತೀನಿ" ಎಂದೆ. ಅಳು ನಿಂತಿತು. ಸಮುದ್ರ ಬರಲಿಲ್ಲ. ಒಂದು ವರ್ಷ ಚುಚ್ಚುಮದ್ದಿನ ಕ್ಯಾಂಪು, ಒಂದು ವರ್ಷ ಜಂತುಹುಳುವಿನ ಔಷಧಿ, ಇನ್ನೊಂದು ವರ್ಷ ಡಾಕ್ಟರಿಗೆ ವರ್ಗ. ಹೀಗೆ ಹದಿನೇಳು ವರ್ಷ! ಹತ್ತನೆಯ ವರ್ಷಕ್ಕೆ ಅವಳು ಕೇಳುವುದನ್ನು ನಿಲ್ಲಿಸಿದಳು. ಕೇಳುವುದಿಲ್ಲ ಎಂದರೆ ಮರೆತಿದ್ದಾಳೆ ಎಂದುಕೊಂಡು ನಾನು ನೆಮ್ಮದಿಯಾಗಿದ್ದೆ.

ಕೊನೆಗೆ ಸಮುದ್ರವೇ ನಾಚಿಕೊಂಡು ನಮ್ಮ ಮನೆಗೆ ಬಂತು.

ತಂದವನು ಚಿನ್ನಮ್ಮನ ತಮ್ಮ ಮಾದೇಶ. ಅವನಿಗೆ ಮದರಾಸಿನಲ್ಲಿ ಸಿರಿವಂತರ ಮನೆಗಳಿಗೆ ಕಡಲ ಮೀನಿನ ತೊಟ್ಟಿ ಕಟ್ಟಿಕೊಡುವ ಅಂಗಡಿಯೊಂದರಲ್ಲಿ ಕೆಲಸ. ಯಾರೋ ದೊಡ್ಡ ಮನೆಯವರು ಮನೆ ಬದಲಿಸುವಾಗ ಬೇಡವೆಂದು ಬಿಟ್ಟ ತೊಟ್ಟಿಯನ್ನು ಆಡಿ ತಿಂಗಳಲ್ಲಿ, ಅಂದರೆ ತಮಿಳು ಲೆಕ್ಕದ ಆಷಾಢದಲ್ಲಿ, ಒಂದು ದಿನ ಮಿನಿ ಲಾರಿಯಲ್ಲಿ ಹಾಕಿಕೊಂಡು ಬಂದ. ಬೀದಿಯಿಂದಲೇ "ಅಕ್ಕಾ, ಸಮುದ್ರ ತಂದಿವ್ನಿ, ಬಾ ಈಚೆಗೆ!" ಎಂದು ಕೂಗಿದ. ಭಾವ ಕೊಟ್ಟ ಮಾತನ್ನು ಬಾಮೈದ ಉಳಿಸಿದ. ನನಗೆ ಸ್ವಲ್ಪ ಉರಿಯಿತು. ಸಾಮಾನು ಇಳಿಸಲು ಹೋದೆ, ಎಡಗೈಯಿಂದ.

ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಕ್ಯಾನುಗಳಲ್ಲಿ ಉಪ್ಪುನೀರು. ಒದ್ದೆ ಗೋಣಿಯಲ್ಲಿ ಸುತ್ತಿದ ಬಂಡೆಗಳು. ಉಬ್ಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಎರಡು ಕಿತ್ತಳೆ ಬಣ್ಣದ ಮೀನು, ಒಂದು ಸೀಗಡಿ, ನಾಲ್ಕು ಬಸವನಹುಳು, ಆಮೇಲೆ ಹವಳ. ಹವಳವೆಂದರೆ ಕತ್ತಿನ ಸರಕ್ಕೆ ಪೋಣಿಸುವ ಕೆಂಪು ಮಣಿ ಎಂದುಕೊಂಡು ಓಡಿಬಂದಿದ್ದ ನಮ್ಮ ಬೀದಿಯ ಹೆಂಗಸರಿಗೆ ನಿರಾಸೆಯಾಯಿತು. ಇವು ಮೆತ್ತನೆಯ ಹವಳಗಳು, ಗಟ್ಟಿ ಚಿಪ್ಪಿಲ್ಲ. ನೀರು ಆಡಿದತ್ತ ಮೈ ಆಡಿಸಿಕೊಂಡು ಬಂಡೆಗೆ ಅಂಟಿಕೊಂಡಿರುತ್ತವೆ.

"ಇದು ಗಿಡವಾ, ಉಳವಾ?" ಎಂದು ಚಿನ್ನಮ್ಮ ಕೇಳಿದಳು.

"ಪ್ರಾಣಿ ಅಕ್ಕ. ಉಸುರೈತೆ."

ಪ್ರಾಣಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬಲಗೈ ತುರಿಸಿತು!

ಹೊರಡುವಾಗ ಮಾದೇಶ ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು ಪಾಠ ಹೇಳಿದ. "ಆವಿಯಾಗಿ ಓದಷ್ಟು ಉಪ್ಪಿಲ್ಲದ ಒಳ್ಳೆ ನೀರು ಉಯ್ಯಿ. ವಾರಕ್ಕೊಂದು ಸಲ ಹಳೇದು ತೆಗ್ದು ಒಂದು ಬಕೆಟ್ಟು ಉಪ್ಪುನೀರು ಮಾತ್ತು. ಲೋಹ ಯಾವ್ದೂ ಸೋಕ್ಕೂಡ್ದು. ಬಾಕಿ ಟೈಮಲ್ಲಿ ಸುಮ್ನೆ ನೋಡು ಬಾವ. ಇದಕ್ಕೆ ಸುಮ್ನೆ ನೋಡೋದೇ ವೈತ್ತಿಯಂ." ಚಿನ್ನಮ್ಮ ಒಂದೊಂದು ಮಾತಿಗೂ ತಲೆಯಾಡಿಸಿದಳು. ನಾನು ಮೀಸೆಯಲ್ಲೇ ನಕ್ಕೆ. ಇಪ್ಪತ್ತು ವರ್ಷ ಪ್ರಾಣಿಗಳ ಬಾಯಿಗೆ ಕೈ ಹಾಕಿದವನಿಗೆ ನಿನ್ನೆ ಮೊನ್ನೆಯ ಹುಡುಗ ವೈದ್ಯ ಹೇಳುತ್ತಾನಲ್ಲ!

ಎರಡು ತಿಂಗಳು ಆ ತೊಟ್ಟಿ ಚೆನ್ನಾಗಿತ್ತು. ನನ್ನ ಹೆಂಡತಿ ಅದಕ್ಕಿಂತ ಚೆನ್ನಾಗಿದ್ದಳು. ಮನೆಗೆಲಸ ಮುಗಿಸಿ ಊಟದ ತಟ್ಟೆ ಹಿಡಿದುಕೊಂಡು ತೊಟ್ಟಿಯ ಮುಂದೆ ಕೂತರೆ ತಟ್ಟೆ ಒಣಗುವವರೆಗೂ ಏಳುತ್ತಿರಲಿಲ್ಲ. ಹವಳಗಳಿಗೆಲ್ಲ ಹೆಸರಿಟ್ಟಿದ್ದಳು. ಕೊಡೆಯಂತೆ ಅರಳಿದ್ದು ಅಣಬೆ. ಐದಾರು ಬೆರಳು ಚಾಚಿಕೊಂಡಿದ್ದು ಕೈಗವಸು. ಎಲ್ಲಕ್ಕಿಂತ ಮುದ್ದಿನದು ಚಪ್ಪಾಳೆ. ಅದರ ತುಂಬ ಕಡಲೆಕಾಳಿನಷ್ಟು ಪುಟ್ಟ ಪುಟ್ಟ ಹಸ್ತಗಳು, ಬೆಳಗಿನಿಂದ ಸಂಜೆಯವರೆಗೆ ಮುಚ್ಚಿ ತೆರೆದು, ಮುಚ್ಚಿ ತೆರೆದು! "ನೋಡಿ, ನನ್ನ ಬಾ ಬಾ ಅಂತೈತೆ" ಎನ್ನುತ್ತಿದ್ದಳು. ಬೀದಿಯ ಹೆಂಗಸರು ಬಂದರೆ "ನಮ್ ಸಮುದ್ರ ನೋಡ್ಬನ್ನಿ" ಎಂದು ಕರೆಯುತ್ತಿದ್ದಳು. ಮದುವೆಯ ದಿನ ಬಸ್ಸಿನಲ್ಲಿ ನಿಂತ ಅಳುವಿಗೆ ಈಗ ನಿಜವಾದ ಬೆಲೆ ಸಿಕ್ಕಿತ್ತು. ಅದನ್ನು ನೋಡಿ ನನಗೂ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ.

ದೀಪಾವಳಿ ಹೊತ್ತಿಗೆ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಮಳೆ ಬಂದರೆ ಕೆಸರು, ಕೆಸರಾದರೆ ಕುರಿಗಳಿಗೆ ಗೊರಸು ಕೊಳೆಯುವ ಕಾಯಿಲೆ. ಮೈಲುತುತ್ತ ಕರಗಿಸಿದ ನೀಲಿ ನೀರಿನಲ್ಲಿ ಕುರಿಗಳ ಕಾಲನ್ನು ಒಂದೊಂದಾಗಿ ಹಿಡಿದು ಅದ್ದಬೇಕು. ಬೇರೆಯವರು ಅದ್ದಿದರೆ ಕೈಗುಣ ಬರುವುದಿಲ್ಲವಲ್ಲ! ಹಟ್ಟಿಯಿಂದ ಹಟ್ಟಿಗೆ ಹೋಗಿ ನಾನೇ ಅದ್ದುತ್ತಿದ್ದೆ. ಸಂಜೆ ಮನೆಗೆ ಬಂದು, ಬಾಗಿಲಲ್ಲಿ ಕೈಮೇಲೆ ಒಂದು ಚೊಂಬು ನೀರು ಸುರಿದುಕೊಂಡು, ಕಾಕಿ ಅಂಗಿಯಲ್ಲೇ ಸಮುದ್ರದ ಮುಂದೆ ಕೂರುತ್ತಿದ್ದೆ. ಕೂತವನು ಸುಮ್ಮನೆ ಕೂರುವುದುಂಟೆ? ತೋಳು ಮಡಿಸದೆ ತೊಟ್ಟಿಗೆ ಕೈ ಹಾಕಿ ಅಣಬೆಯನ್ನು ಹಿಚುಕಿ ನೋಡುತ್ತಿದ್ದೆ. ಬಿಗಿಯಾಗಿದೆಯೇ, ಜ್ವರವಿದೆಯೇ, ಹೊಟ್ಟೆ ಉಬ್ಬರಿಸಿದೆಯೇ? ಮುಟ್ಟಿದೊಡನೆ ಅದು ಮುದುರಿಕೊಳ್ಳುತ್ತಿತ್ತು. ಹೊಸ ಕುರಿಯೂ ಮೊದಮೊದಲು ಹೀಗೇ ಬೆದರುತ್ತದೆ ಎಂದುಕೊಂಡೆ.

ಒಂದು ವಾರ ಕಳೆಯಿತು. ಬಸವನಹುಳುಗಳು ಗಾಜಿನಿಂದ ಒಂದೊಂದಾಗಿ ಕಳಚಿ ಬಿದ್ದವು. ಮತ್ತೆರಡು ದಿನಕ್ಕೆ ಸೀಗಡಿ ಮಗ್ಗುಲಾಗಿ ಮಲಗಿತು, ಏಳಲಿಲ್ಲ. "ವಯಸ್ಸಾಗಿತ್ತು" ಎಂದೆ. ಯಾರ ವಯಸ್ಸು ನನಗೆ ಗೊತ್ತಿಲ್ಲವೋ ಅವರು ಸತ್ತಾಗ ನಾನು ಹೇಳುವ ಮಾತು ಅದು. ಅಷ್ಟರಲ್ಲಿ ಚಿನ್ನಮ್ಮ ಅಡುಗೆಮನೆಯಿಂದ ಓಡಿಬಂದು ನನ್ನ ತೋಳು ಹಿಡಿದಳು.

"ಇಲ್ ನೋಡಿ, ಚಪ್ಪಾಳೆ ತಟ್ಟದ ನಿಲ್ಲಿಸ್ಬುಟ್ಟೈತೆ!"

ನೋಡಿದೆ. ಆ ಪುಟ್ಟ ಹಸ್ತಗಳೆಲ್ಲ ಅರ್ಧ ಮುಚ್ಚಿ, ಹಾಗೇ ಜೋತುಬಿದ್ದಿದ್ದವು. "ಎದರ್ಕಬ್ಯಾಡ, ನಾನಿವ್ನಿ" ಎಂದೆ. ಹಿಂದಿರುಗಿ ನೋಡಿದರೆ, ಅವಳು ಹೆದರಬೇಕಾಗಿದ್ದುದು ಆ ಮಾತಿಗೇ.

ಮಾರನೆಯ ದಿನ ಆಸ್ಪತ್ರೆಯಿಂದ ಕೇಸ್ ಶೀಟು ತಂದು ಶಾಸ್ತ್ರೋಕ್ತವಾಗಿ ತುಂಬಿದೆ. ಜಾತಿ: ಹವಳ. ಬಣ್ಣ: ಕಂದು, ಈಚೆಗೆ ಬಿಳಿ. ವಯಸ್ಸು: ಹಲ್ಲಿಲ್ಲದ ಕಾರಣ ಹೇಳಲಾಗದು. ಮೇವು: ಬೆಳಕು. ಸಗಣಿ: ಕಂಡುಬಂದಿಲ್ಲ. ಮಾಲೀಕರ ದೂರು: ಕೈ ಆಡಿಸುತ್ತಿಲ್ಲ. ಓದಿ ನೋಡಿದರೆ ಕಾಯಿಲೆ ಎದುರಿಗೇ ನಿಂತಿತ್ತು. ಮೇವು ಬೆಳಕಾದರೆ, ಕಡಿಮೆಯಾಗಿರುವುದೂ ಬೆಳಕೇ! ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಎರಡು ಟ್ಯೂಬ್‌ಲೈಟು ನಂಬಿಕೊಂಡು ಯಾವ ಪ್ರಾಣಿ ತಾನೇ ಬದುಕೀತು? ಸೂರು ಹತ್ತಿ ತೊಟ್ಟಿಯ ನೇರಕ್ಕೆ ಆರು ಹೆಂಚು ತೆಗೆದೆ. ಬಿಸಿಲು ನೇರವಾಗಿ ನೀರಿಗೆ ಬಿತ್ತು. ನಾನು ಸೂರಿನ ಮೇಲಿಂದಲೇ "ಎಂಗೈತೆ?" ಎಂದು ಕೂಗಿದೆ. ಬಿಸಿಲಿನ ಹಿಂದೆಯೇ ಮಳೆಯೂ ಬಿತ್ತು.

ಐಪ್ಪಸಿಯಲ್ಲಿ ಸೂರಿನ ಹೆಂಚು ತೆಗೆದ ಮೊದಲ ಮನುಷ್ಯ ನಾನೇ ಇರಬೇಕು. ಚಿನ್ನಮ್ಮ ತೊಟ್ಟಿಯ ಮೇಲೆ ಕೊಡೆ ಹಿಡಿದು ನಿಂತಳು. ನಾನು ಸೂರಿನ ಮೇಲೆ ನೆನೆಯುತ್ತ ಹೆಂಚು ಜೋಡಿಸಿದೆ, ಎರಡು ಒಡೆದೆ. ನಡುವೆ ಬಿದ್ದ ಬಿಸಿಲಿಗೆ ಬಂಡೆಯ ಮೇಲೆಲ್ಲ ಹಸಿರು ಪಾಚಿ ಬೆಳೆಯಿತು. ಪಾಚಿಯನ್ನು ತೆಗೆಯಬೇಕಲ್ಲ? ನಾಲ್ಕು ದಿನ ಸಂಜೆ ಹಟ್ಟಿಯಿಂದ ಬಂದವನೇ ಎರಡು ಕೈಯನ್ನೂ ತೋಳಿನವರೆಗೆ ಇಳಿಸಿ ತಿಕ್ಕಿದೆ. ಪಾಚಿ ಹೋಯಿತು. ಅದರ ಹಿಂದೆ ಕೈಗವಸಿನ ಮೂರು ಬೆರಳೂ ಕರಗಿಹೋದವು.

ಆಮೇಲೆ ನನಗೆ ಹಸಿವಿನ ಸಂಶಯ ಬಂತು. ಬಾಣಂತಿ ಕುರಿಗೆ ಕಡಲೆಕಾಯಿ ಹಿಂಡಿ ನೆನೆಸಿ ಕೊಟ್ಟರೆ ಮೂರು ದಿನದಲ್ಲಿ ಎದ್ದು ನಿಲ್ಲುತ್ತದೆ. ಒಂದು ಲೋಟ ಹಿಂಡಿ ನೀರು ತೊಟ್ಟಿಗೆ ಹಾಕಿ ಕೈಯಿಂದ ಚೆನ್ನಾಗಿ ಕಲಕಿದೆ. ಸಮುದ್ರ ಹೋಗಿ ಮಜ್ಜಿಗೆಯಾಯಿತು! ಮೀನುಗಳು ಒಂದರ ಮುಖ ಒಂದಕ್ಕೆ ಕಾಣದೆ ಗಾಜಿಗೆ ಡಿಕ್ಕಿ ಹೊಡೆದವು.

"ನಿಮ್ಗೆ ಬುದ್ಧಿ ಐತಾ? ಸಮುದ್ರಕ್ಕೆ ಯಾರಾದ್ರೂ ಇಂಡಿ ಕಲಸ್ತಾರಾ?" ಎಂದು ಚಿನ್ನಮ್ಮ ಕಿರುಚಿದಳು.

"ಸಮುದ್ರದಾಗೆ ಮೀನು ಸಾಯ್ತವೆ, ಕೊಳೀತವೆ, ಅದನ್ನ ಇವು ತಿಂತವೆ. ಇಲ್ಲಿ ಏನೈತೆ? ಉಪವಾಸ!"

"ಮಾದೇಶ ಸುಮ್ನೆ ನೋಡು ಅಂದ್ನಲ್ಲ?"

"ಸುಮ್ನೆ ನೋಡಕ್ಕೆ ನಾನೇನು ಪೋಸ್ಟ್ ಮಾಸ್ಟ್ರಾ?"

ನಿಜ ಹೇಳಬೇಕೆಂದರೆ ನಮ್ಮ ಊರಿನ ಪೋಸ್ಟ್ ಮಾಸ್ಟರು ಕೆಲಸದಲ್ಲಿ ತುಂಬ ಚುರುಕು. ಆ ಮಾತು ಅವರ ಕಿವಿಗೂ ಬಿತ್ತು. ಅದರ ಕಥೆ ಬೇರೆ.

ನೀರು ತಿಳಿಯಾಗಲು ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಸುದ್ದಿ ತಿಳಿದು ನಲ್ಲಂಪಳ್ಳಿಯಿಂದ ನಮ್ಮ ಅತ್ತೆ ಬಂದಿಳಿದರು. ಬಂದವರೇ ತೊಟ್ಟಿಯನ್ನು ಒಂದು ಸುತ್ತು ನೋಡಿ, "ಅಯ್ಯೋ ಪಾವಂ, ಕಣ್ಣು ಬಿದ್ದೈತೆ ಕಣ್ಮಗಳೆ. ಊರೆಲ್ಲ ಕರ್ದು ಕರ್ದು ತೋರ್ಸಿದ್ಯಲ್ಲ" ಎಂದರು. ತೊಟ್ಟಿಯ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಹೆಂಗಸರು ನೋಡಲು ಬರುವುದು ನಿಂತಿತು. ಚಿನ್ನಮ್ಮ ಮಾತ್ರ ಒಬ್ಬಳೇ ಕೂತು, ಆಡದ ಆ ಹಸ್ತಗಳನ್ನು ನೋಡುತ್ತಿದ್ದಳು. ಅವಳ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಆಗದೆ ಇನ್ನಷ್ಟು ವೈದ್ಯ ಮಾಡಿದೆ.

ಹವಳಗಳು ಒಂದಕ್ಕೊಂದು ಆಗದಿದ್ದರೆ ನೀರಿನಲ್ಲೇ ವಿಷ ಬಿಟ್ಟು ಕಾದಾಡುತ್ತವೆ ಎಂದು ಮಾದೇಶ ಹಿಂದೊಮ್ಮೆ ಹೇಳಿದ್ದ. ಅದು ನೆನಪಾಯಿತು. ಟಗರುಗಳು ಕಾದಾಡಿದರೆ ಏನು ಮಾಡುತ್ತೇವೆ? ಬೇರೆ ಬೇರೆ ಗೂಟಕ್ಕೆ ಕಟ್ಟುತ್ತೇವೆ. ಸಂಜೆ ಬಂದು ಅಣಬೆಯನ್ನು ಎತ್ತಿ ಈ ಮೂಲೆಗೆ, ಚಪ್ಪಾಳೆಯನ್ನು ಎತ್ತಿ ಆ ಮೂಲೆಗೆ, ಉಳಿದ ಕೈಗವಸನ್ನು ನಡುವೆ ಇಟ್ಟೆ. ಮಾರನೆಯ ದಿನ ಜಾಗ ಸರಿಯಿಲ್ಲವೆನಿಸಿ ಅದಲು ಬದಲು ಮಾಡಿದೆ. ಅದರ ಮಾರನೆಯ ದಿನ ಮತ್ತೆ ಮೊದಲಿನಂತೆ. ಕಾಯಿಲೆ ಹೆಚ್ಚಾದಷ್ಟೂ ನನ್ನ ಕೈ ಒಳಗಿರುವ ಹೊತ್ತೂ ಹೆಚ್ಚಾಯಿತು. ನನ್ನ ಕೈ ಒಳಗಿರುವ ಹೊತ್ತು ಹೆಚ್ಚಾದಷ್ಟೂ ಕಾಯಿಲೆ ಹೆಚ್ಚಾಯಿತು. ಇದರಲ್ಲಿ ಏನಾದರೂ ಸಂಬಂಧ ಕಾಣಲು ಬುದ್ಧಿ ಬೇಕಿತ್ತು. ನನ್ನ ಹತ್ತಿರ ಇದ್ದುದು ಅನುಭವ.

ಚಪ್ಪಾಳೆ ಒಂದು ಬೆಳಿಗ್ಗೆ ಇರಲಿಲ್ಲ. ಬಂಡೆಯ ಮೇಲೆ ಸಿಂಬಳದಂಥದ್ದು ಸ್ವಲ್ಪ ಅಂಟಿಕೊಂಡಿತ್ತು, ಅಷ್ಟೆ. ಚಿನ್ನಮ್ಮ ಅತ್ತಳು. ಮದುವೆಯ ದಿನ ಬಸ್ಸಿನಲ್ಲಿ ಅತ್ತ ಹಾಗೆಯೇ ಅತ್ತಳು. ಈ ಸಲ ಹೇಳಲು ನನ್ನ ಬಳಿ ಸಮುದ್ರವೂ ಇರಲಿಲ್ಲ.

ಮೇಚೇರಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ಮಾದೇಶನ ಅಂಗಡಿಗೆ ಫೋನು ಮಾಡಿದೆ. ಮಾಡಿದ ವೈದ್ಯವನ್ನೆಲ್ಲ ಹೇಳಲಿಲ್ಲ. ಮರ್ಯಾದೆ ಪ್ರಶ್ನೆ.

"ಮೀನು ಎಂಗವೆ ಬಾವ?"

"ಗುಂಡ್‌ಕಲ್ಲಿನಂಗವೆ."

"ಸೀಗಡಿ?"

"ಓಗಿ ತಿಂಗಳಾಯ್ತು. ವಯಸ್ಸಾಗಿತ್ತು."

"ಬಸವನುಳ?"

"ಅವಕ್ಕೂ ವಯಸ್ಸಾಗಿತ್ತು."

"ಬಾವ, ಮೀನು ಚೆನ್ನಾಗಿದ್ದು ಉಳ, ಸೀಗಡಿ, ಹವಳ ಸತ್ರೆ ಅದು ತಾಮ್ರ. ತೊಟ್ಟು ತೊಟ್ಟಾ ಸೇರಿದ್ರೂ ಸಾಕು. ನಿಮ್ಮನೇಲಿ ಎಲ್ಲಿಂದಲೋ ತಾಮ್ರ ಆ ನೀರಿಗೆ ಬೀಳ್ತೈತೆ. ಮೊದ್ಲು ಅದ ಕಂಡಿಡಿ."

ನನಗೆ ಆಕಾಶವೇ ತೆರೆದಂತಾಯಿತು. ತಾಮ್ರ! ದೇವರ ಮುಂದೆ ಇರುವ ಚೊಂಬು ತಾಮ್ರದ್ದು, ಅದು ಚಿನ್ನಮ್ಮನ ತವರಿನದು. ಸಿಕ್ಕಿಬಿದ್ದಳು! ಬಸ್ಸು ಮನೆ ಮುಟ್ಟುವುದರೊಳಗೆ ನಾನು ತನಿಖಾಧಿಕಾರಿಯಾಗಿದ್ದೆ. ಬಾಗಿಲಲ್ಲೇ ನಿಂತು, "ಈ ಮನೆಯಲ್ಲಿ ತಾಮ್ರ ಎಷ್ಟೈತೆ, ಎಲ್ಲಾ ಈಚೆಗೆ ಬರಬೇಕು!" ಎಂದು ಗರ್ಜಿಸಿದೆ.

"ಆ ಚೊಂಬನ್ನ ನಾನು ಸಮುದ್ರದ ತಾವಕ್ಕೂ ತಂದಿಲ್ಲ. ಲೋಹ ಸೋಕ್ಕೂಡ್ದು ಅಂತ ಮಾದೇಶ ಅವತ್ತೇ ಏಳ್ಲಿಲ್ವಾ? ಪ್ಲಾಸ್ಟಿಕ್ ಜಗ್ಗಲ್ಲೇ ಉಯ್ಯೋದು" ಎಂದಳು ಚಿನ್ನಮ್ಮ.

"ಆರೋಪಿಗಳೆಲ್ಲ ಹಾಗೇ ಹೇಳೋದು" ಎಂದೆ. ಅವಳ ಮುಖ ಕಪ್ಪಿಟ್ಟಿತು. ನಾನು ಲೆಕ್ಕಿಸಲಿಲ್ಲ. ಚೊಂಬು, ಉದ್ಧರಣೆ, ಅರ್ಘ್ಯದ ತಟ್ಟೆ, ಹಳೆಯ ವೈರಿನ ತುಂಡು, ಎಲ್ಲವನ್ನೂ ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿದೆ. ಕೊನೆಗೆ ಕಣ್ಣು ಅತ್ತೆಯ ಕೈಮೇಲೆ ಬಿತ್ತು. ಕೀಲುನೋವಿಗೆಂದು ಅವರು ತಾಮ್ರದ ಬಳೆ ಹಾಕಿದ್ದರು!

"ಅತ್ತೆ, ಆ ಬಳೆ ತೆಗೀರಿ."

"ನನ್ನ ಮಂಡಿ?"

"ಮಂಡಿ ಮುಖ್ಯನೋ, ಸಮುದ್ರ ಮುಖ್ಯನೋ?"

ಅತ್ತೆ ಚೀಲ ತೆಗೆದುಕೊಂಡು ನಲ್ಲಂಪಳ್ಳಿಯ ಬಸ್ಸು ಹತ್ತಿದರು. ನಿಂಬೆಹಣ್ಣನ್ನೂ ಬಿಚ್ಚಿಕೊಂಡು ಹೋದರು. ಆ ದಿನ ಚಿನ್ನಮ್ಮ ನನ್ನ ತಟ್ಟೆಗೆ ಅನ್ನ ಬಡಿಸಿದ್ದು ಮುಖ ತಿರುಗಿಸಿಕೊಂಡು. ನನಗೇನು! ಕಾಯಿಲೆ ಕಂಡುಹಿಡಿದಾಗಿತ್ತು. ಎರಡು ತುತ್ತು ಹೆಚ್ಚಾಗಿಯೇ ಉಂಡೆ.

ಮಾರನೆಯ ದಿನ ಕೆಂಪಣ್ಣನ ಹಟ್ಟಿಯಲ್ಲಿ ಕ್ಯಾಂಪು. ಕೆಂಪಣ್ಣನೆಂದರೆ ಇನ್ನೂರು ಕುರಿಗಳ ಯಜಮಾನ, ನನ್ನ ಕೈಗುಣದ ಮುಖ್ಯ ಪ್ರಚಾರಕ. ಕುರಿಗಾಹಿಗಳೆಲ್ಲ ಸುತ್ತ ಕೂತಿದ್ದರು. ನಾನು ಮಾಮೂಲಿನಂತೆ ನೀಲಿ ಹರಳುಗಳನ್ನು ಬೊಗಸೆಯಲ್ಲಿ ತೆಗೆದು ನೀರಿಗೆ ಹಾಕಿ ಕೈಯಿಂದ ಕಲಕುತ್ತಿದ್ದೆ.

"ಕಾಂಪೌಂಡರಣ್ಣ, ಈ ಮೈಲುತುತ್ತ ಅಂದ್ರೆ ಏನಣ್ಣ? ಕಲ್ಲಾ, ಉಪ್ಪಾ?" ಎಂದು ಕೆಂಪಣ್ಣ ಕೇಳಿದ.

ಪ್ರಶ್ನೆ ಕೇಳಿದರೆ ಉಪನ್ಯಾಸ ಕೊಡದಿರುವ ಜನ್ಮ ನನ್ನದಲ್ಲ. ಎದ್ದು ನಿಂತೆ. "ಇಂಗ್ಲೀಷಿನಾಗೆ ಇದಕ್ಕೆ ಕಾಪರ್ ಸಲ್ಫೇಟು ಅಂತಾರೆ. ಅಂದ್ರೆ ತಾಮ್ರದ ಉಪ್ಪು. ಬಹಳ ಡೇಂಜರು. ಕುಡೀದಿದ್ರೆ ಕುರಿಗೆ ಏನೂ ಆಗಲ್ಲ, ಆದ್ರೆ ಸಣ್ಣಪುಟ್ಟ ಉಳ ಗಿಳ ಯಾವುದನ್ನೂ ಇದು ಬಿಡಕಿಲ್ಲ. ಒಂದು ಚೂರು ಸೋಕಿದ್ರೆ ಸಾಕು, ಅಲ್ಲಲ್ಲೇ..."

ತೋರಿಸಲೆಂದು ಕೈ ಮುಂದೆ ಚಾಚಿದೆ.

"ಅಲ್ಲಲ್ಲೇ ಏನಣ್ಣ?" ಎಂದು ಕೆಂಪಣ್ಣ ಕೇಳಿದ.

ನಾನು ನನ್ನ ಕೈ ನೋಡಿಕೊಂಡೆ. ಉಗುರಿನ ಸಂದಿಯೆಲ್ಲ ನೀಲಿ. ಬೆರಳಿನ ಗೆರೆಗಳೆಲ್ಲ ನೀಲಿ. ಅಂಗಿಯ ತೋಳಿನ ಅಂಚು ಒಣಗಿ ನೀಲಿಯಾಗಿ ಹಪ್ಪಳದಂತೆ ಗಟ್ಟಿಯಾಗಿತ್ತು. ಇಪ್ಪತ್ತು ವರ್ಷ ನೂರಾರು ಹಟ್ಟಿಗಳಲ್ಲಿ ಇದೇ ಉಪನ್ಯಾಸ ಕೊಟ್ಟಿದ್ದೇನೆ. ನನಗೇ ಕೊಟ್ಟುಕೊಂಡಿರಲಿಲ್ಲ! ದೇವರ ಚೊಂಬಿನಲ್ಲಿ, ಅತ್ತೆಯ ಬಳೆಯಲ್ಲಿ ಹುಡುಕಿದ ತಾಮ್ರ ದಿನಾ ಸಂಜೆ ಬಸ್ಸಿನಲ್ಲಿ ಕೂತು, ಟಿಕೆಟ್ ತೆಗೆದುಕೊಂಡು, ನನ್ನ ಜೊತೆಯಲ್ಲೇ ಮನೆಗೆ ಬರುತ್ತಿತ್ತು. ಕುರಿಗಳ ನಡುವೆ ಕೂತುಬಿಟ್ಟೆ. "ಅಣ್ಣನಿಗೆ ಪಿತ್ತ" ಎಂದು ಯಾರೋ ನೀರು ತಂದರು.

ಅಂದು ಮನೆಗೆ ಬೇಗ ಬಂದೆ. ಬಾಗಿಲಲ್ಲಿ ಸೀಗೆಪುಡಿ ಹಾಕಿ ಚರ್ಮ ಸುಲಿಯುವಂತೆ ಕೈ ತೊಳೆದೆ. ಚಿನ್ನಮ್ಮ ತೊಟ್ಟಿಯ ಮುಂದೆ ಕೂತಿದ್ದಳು. ಕೈಗವಸೂ ಕರಗಿ, ಹವಳಗಳಲ್ಲಿ ಅಣಬೆಯೊಂದು ಮಾತ್ರ ಉಳಿದಿತ್ತು, ಅದೂ ಕೊಡೆ ಮಡಚಿಕೊಂಡು. ಹೇಗೆ ಹೇಳುವುದೆಂದು ತಿಳಿಯದೆ ಸರ್ಕಾರಿ ಭಾಷೆಯಲ್ಲಿ ಶುರುಮಾಡಿದೆ. "ತನಿಖೆ ಮುಂದುವರಿಸಲಾಗಿ ತಿಳಿದುಬಂದದ್ದೇನೆಂದರೆ..." ಅಲ್ಲಿಗೇ ನಿಂತಿತು. ಆಮೇಲೆ ಇದ್ದುದನ್ನು ಇದ್ದಂತೆ ಹೇಳಿದೆ.

"ಕೈ ತೋರ್ಸಿ" ಎಂದಳು.

ತೋರಿಸಿದೆ. ಎರಡೂ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿ ಉಗುರುಗಳನ್ನು ನೋಡಿದಳು.

"ಈ ಕೈನೇ ದಿನಾ ಒಳಕ್ಕಿಕ್ತಿದ್ರಾ?"

"ಊ."

"ಕಾಯಿಲೆ ಏನು ಅಂತ ನೋಡಕ್ಕಾ?"

"ಊ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ನನ್ನ ಕೈ ಬಿಟ್ಟು, ಅಟ್ಟ ಹತ್ತಿ ಗೋಣಿ ಇಳಿಸಿದಳು. ತವರಿನ ಚೊಂಬಿಗೆ ಹುಣಿಸೆಹಣ್ಣು ಹಾಕಿ ಫಳಫಳ ತಿಕ್ಕಿ ದೇವರ ಮುಂದೆ ಇಟ್ಟಳು. ನಾನು ಕಂಬಕ್ಕೆ ಒರಗಿಕೊಂಡು ಅದನ್ನು ನೋಡುತ್ತ ನಿಂತಿದ್ದೆ.

ಮಾದೇಶ ಉಪ್ಪಿನ ಚೀಲ, ತಾಮ್ರ ಹೀರುವ ಇದ್ದಿಲಿನ ಪೊಟ್ಟಣ ಕಳಿಸಿದ. ನೀರು ಬದಲಾಯಿಸಿದ್ದು, ಇದ್ದಿಲು ಕಟ್ಟಿದ್ದು ಎಲ್ಲ ಚಿನ್ನಮ್ಮನೇ. ತೊಟ್ಟಿಯಿಂದ ಮೂರು ಮಾರು ದೂರದಲ್ಲಿ ನನಗೊಂದು ಸ್ಟೂಲು ಹಾಕಿಕೊಟ್ಟಳು. ಕರೆಂಟು ಹೋದಾಗ ಸೈಕಲ್ ಪಂಪಿನಿಂದ ಗಾಳಿ ಹೊಡೆಯುವ ಕೆಲಸ ಮಾತ್ರ ನನ್ನದು. ಪಂಪಿಗೆ ಉದ್ದನೆಯ ರಬ್ಬರ್ ನಳಿಕೆ ಸಿಕ್ಕಿಸಿದ್ದಳು, ನಾನು ಹತ್ತಿರ ಬರಬಾರದೆಂದು. ಅಲ್ಲಿಂದ ಗಾಳಿ ಹೊಡೆಯುತ್ತ ಅಣಬೆಯ ಮುಖ ನೋಡುತ್ತಿದ್ದೆ. ಒಂದು ದಿನ ಅದು ಸ್ವಲ್ಪ ಕೊಡೆ ಬಿಚ್ಚಿತು. ಚಿನ್ನಮ್ಮ ನನ್ನ ಕಡೆ ತಿರುಗಿ ನಕ್ಕಳು, ಒಂದು ತಿಂಗಳಲ್ಲಿ ಮೊದಲ ಸಲ. ನಾನು ಇನ್ನೂ ಜೋರಾಗಿ ಪಂಪು ಹೊಡೆದೆ. ಚಳಿಯ ಮಾರ್ಗಳಿ ತಿಂಗಳ ಹದಿನೈದು ದಿನ ಬದುಕಿತು. ಆಮೇಲೆ ಅದೂ ಹೋಯಿತು.

ಮಾದೇಶ ಬಂದು ಮೀನುಗಳನ್ನು ವಾಪಸು ತೆಗೆದುಕೊಂಡು ಹೋದ. ಹೊರಡುವಾಗ ನಮಸ್ಕಾರ ಮಾತ್ರ ದೂರದಿಂದ ಮಾಡಿದ, ಕೈ ಕುಲುಕಲಿಲ್ಲ. ಖಾಲಿ ತೊಟ್ಟಿಯಲ್ಲಿ ಚಿನ್ನಮ್ಮ ಹುರುಳಿ ತುಂಬಿಟ್ಟಳು.

ಇನ್ನೊಂದು ವಿಷಯ ಹೇಳಬೇಕು. ಆ ವರ್ಷ ನಮ್ಮ ಕಡೆ ನಾನು ಕಾಲು ಅದ್ದಿದ ಒಂದೇ ಒಂದು ಕುರಿಯೂ ಕುಂಟಲಿಲ್ಲ. ಕೆಂಪಣ್ಣ ಸಂತೆಯಲ್ಲಿ ನಾಲ್ಕು ಜನರ ಮುಂದೆ ನನ್ನ ಬಲಗೈಯನ್ನು ಮೇಲೆತ್ತಿ ಹಿಡಿದು, "ಎಂಥಾ ಕೈ ನೋಡ್ರಲಾ!" ಎಂದ. ಎಲ್ಲರೂ ನೋಡಿದರು. ನಾನು ನೆಲ ನೋಡಿದೆ.

ಮಾರನೆಯ ದಿನವೇ ರಜೆಯ ಅರ್ಜಿ ಬರೆದೆ. "ಹದಿನೇಳು ವರ್ಷಗಳಿಂದ ಬಾಕಿ ಇರುವ ಕುಟುಂಬದ ತುರ್ತು ಕೆಲಸದ ನಿಮಿತ್ತ" ಎಂದು ಕಾರಣ ಕೊಟ್ಟೆ. ಡಾಕ್ಟರು ಎರಡು ಸಲ ಓದಿ, ನನ್ನ ಮುಖ ನೋಡಿ, ಸಹಿ ಹಾಕಿದರು.

ಮದರಾಸಿನ ಮರಳಿನ ಮೇಲೆ ಚಿನ್ನಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಅಲೆಗಳನ್ನು ನೋಡುತ್ತ ನಿಂತಿದ್ದಳು. ಕೊನೆಗೆ, "ಇದ್ರೊಳಗೆ ಐತಾ, ಚಪ್ಪಾಳೆ?" ಎಂದಳು.

"ಐತಂತೆ. ಇಲ್ಲಲ್ಲ, ಬಹಳ ದೂರದಾಗೆ."

"ತಟ್ಟತಾ ಇರ್ತೈತಾ?"

"ತಟ್ಟತಾ ಇರ್ತೈತೆ."

ಸೀರೆ ಸ್ವಲ್ಪ ಎತ್ತಿ ಹಿಡಿದು ನೀರಿಗೆ ಇಳಿದಳು. ಅಲೆ ಬಂದು ಪಾದ ಮುಚ್ಚಿದಾಗ ಚಿಕ್ಕ ಹುಡುಗಿಯಂತೆ ಕೂಗಿದಳು. ಅಂತೂ ಒಂದು ಮಾತು ಉಳಿಸಿಕೊಂಡೆ! ನಾನೂ ಪ್ಯಾಂಟು ಮಡಿಸಿ ಅವಳ ಪಕ್ಕಕ್ಕೆ ಹೋಗಿ, ಒಂದು ಬೊಗಸೆ ನೀರು ತೆಗೆದು ಅವಳ ಮೇಲೆ ಎರಚೋಣವೆಂದು ಬಗ್ಗಿದೆ. ಅವಳು ಗಕ್ಕನೆ ತಿರುಗಿ ನನ್ನ ಎರಡೂ ಮಣಿಕಟ್ಟು ಹಿಡಿದುಕೊಂಡಳು.

"ಕಾಲು ಬೇಕಾದ್ರೆ ಇಡಿ. ಕೈ ಮಾತ್ರ ಒಳಕ್ಕೆ ಇಕ್ಕಬ್ಯಾಡಿ."

ನಗುತ್ತಾಳೇನೋ ಎಂದು ಮುಖ ನೋಡಿದೆ. ನಗಲಿಲ್ಲ. ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡು, ಮೊಣಕಾಲುದ್ದ ನೀರಿನಲ್ಲಿ ಸುಮ್ಮನೆ ನೋಡುತ್ತ ನಿಂತೆ. ಕಡಲೆಕಾಯಿ ಮಾರುವವನೊಬ್ಬ ನನಗೆ ಚಳಿಜ್ವರವೆಂದು ತಿಳಿದು ಮರುಗಿದ.

ಸಮುದ್ರ ಇನ್ನೂ ಚೆನ್ನಾಗಿಯೇ ಇದೆಯಂತೆ. ನಾನು ಮುಟ್ಟಿಲ್ಲ.